ಒಂದೇ ಕಾಟು ಮಾವು, ನಾಲ್ಕು ಊರಿನ ಬಟ್ಟಲು: ಒಂದು ಪ್ರಕರಣ

ನಮ್ಮ ಕರಾವಳಿಯಲ್ಲಿ ಮಾವಿನ ಮರಕ್ಕೆ ಮರಗೆಲಸದವರು ದೊಡ್ಡ ಬೆಲೆ ಕೊಡುವುದಿಲ್ಲ. ಪ್ಯಾಕಿಂಗ್ ಪೆಟ್ಟಿಗೆ, ಸೆಂಟ್ರಿಂಗ್ ಹಲಗೆ, ಸೌದೆ, ಕೊನೆಗೆ ಚಿತೆ. ಬಾಗಿಲಿಗೆ ಹಲಸು, ದೋಣಿಗೆ ಹೆಬ್ಬಲಸು, ಪೆಟ್ಟಿಗೆಗೆ ಮಾವು ಎನ್ನುವುದು ರೂಢಿ. ಆದರೆ ಎಲ್ಲೋ ಒಂದು ಹಳೇ ಮಾವಿನ ಮರದ ಎಳೆ ನೇರವಾಗಿರದೆ ಅಲೆ ಅಲೆಯಾಗಿ ಬೆಳೆದಿರುತ್ತದೆ. ಅದು ಮಳೆಗೆ ಬಿದ್ದು ಕೆಲವು ವಾರ ನೆಲದಲ್ಲೇ ಉಳಿದರೆ ಒಳಗೆ ಶಿಲೀಂಧ್ರ ಸೇರಿ ಕಪ್ಪು ಗೆರೆ ಎಳೆಯುತ್ತದೆ. ಅಲೆಯೂ ಗೆರೆಯೂ ಒಂದೇ ದಿಮ್ಮಿಯಲ್ಲಿ ಸಿಗುವುದು ತೀರಾ ಅಪರೂಪ. ಇದು ಅಂಥ ಒಂದು ದಿಮ್ಮಿಯ ಕಥೆ.

ಕೆಲಸ ಮಾಡಿದವರು ಉಡುಪಿ ಕಡೆಯ ಒಬ್ಬ ಆಚಾರ್ರು. ಮರ ಮಂಗಳೂರಿನ ಹೊರವಲಯದ ಒಂದು ಹಳೇ ಮನೆಯ ತೋಟದ್ದು. ನಾನು ಇದನ್ನು ಬರೆಯಲು ಆಚಾರ್ರೂ ಆ ಮನೆಯವರೂ ಒಪ್ಪಿದ್ದಾರೆ, ಹೆಸರು ಬೇಡ ಎಂದಿದ್ದಾರೆ. ಗುರುತು ಸಿಗಬಹುದಾದ ವಿವರಗಳನ್ನು ಬದಲಿಸಿದ್ದೇನೆ. ಮರ, ಅಳತೆ, ತೀರ್ಮಾನಗಳು ಇದ್ದ ಹಾಗೇ ಇವೆ. ಮರ ಒಣಗಿಸುವ ವಿಚಾರದಲ್ಲಿ ನನಗೆ ಆಸಕ್ತಿ ಇರುವುದರಿಂದ ನಡುವೆ ನನ್ನನ್ನೂ ಕರೆದಿದ್ದರು.

ಹಿನ್ನೆಲೆ

ಆಚಾರ್ರ ಮನೆಯಲ್ಲಿ ತಲೆಮಾರುಗಳಿಂದ ಮರದ ಕೆಲಸ. ಯಕ್ಷಗಾನದ ಚೆಂಡೆ, ಮದ್ದಳೆಗೆ ಹಲಸಿನ ಒಡಲು ಕೊರೆದುಕೊಡುವುದು ಅವರ ತಂದೆಯ ಕಾಲದಿಂದ ಬಂದದ್ದು. ಇವರು ಲೇತ್ (ಮರವನ್ನು ತಿರುಗಿಸುತ್ತಾ ಉಳಿಯಿಂದ ಕೊರೆಯುವ ಯಂತ್ರ) ಹಾಕಿಕೊಂಡು ಬಟ್ಟಲು, ತಟ್ಟೆ, ಮುಚ್ಚಳದ ಭರಣಿ ಮಾಡಲು ಶುರು ಮಾಡಿದ್ದರು. ಕೈ ತುಂಬಾ ಚೊಕ್ಕ.

ಆಟಿ ತಿಂಗಳ (ಜುಲೈ-ಆಗಸ್ಟ್) ಒಂದು ಗಾಳಿಮಳೆಗೆ ಆ ತೋಟದ ಕಾಟು ಮಾವು, ಅಂದರೆ ಕಾಡು ಮಾವು, ಬುಡಮೇಲಾಯಿತು. ಆ ಮರದ ಹಣ್ಣಿನ ಗೊಜ್ಜು, ಸಾಸಿವೆ ಉಂಡು ಬೆಳೆದ ಮನೆ ಅದು. ಮನೆಯ ಹಿರಿಯ ಅಮ್ಮನಿಗೆ ನಾಲ್ವರು ಮಕ್ಕಳು. ಒಬ್ಬರು ಊರಲ್ಲೇ ಅಮ್ಮನ ಜೊತೆ, ಒಬ್ಬರು ಬೆಂಗಳೂರು, ಒಬ್ಬರು ದುಬೈ, ಒಬ್ಬರು ಜರ್ಮನಿ. ಸೌದೆ ವ್ಯಾಪಾರಿ ಬಂದು ರೇಟು ಹೇಳಿ ಹೋದ. ಅಮ್ಮ ಕೊಡಲಿಲ್ಲ. ಮಳೆ ಕಡಿಮೆಯಾಗಲಿ, ನೋಡುವ ಎಂದು ಹಾಗೇ ಬಿಟ್ಟರು. ಸೋಣ ತಿಂಗಳ (ಆಗಸ್ಟ್-ಸೆಪ್ಟೆಂಬರ್) ಕೊನೆಗೆ ಆಚಾರ್ರಿಗೆ ಫೋನು ಹೋಯಿತು.

ಸಾಗಿಸುವ ಮುಂಚೆ ಆಚಾರ್ರು ಅರಣ್ಯ ಇಲಾಖೆಯ ಕಚೇರಿಗೆ ಹೋಗಿ ಕೇಳಿಕೊಂಡು ಬಂದರು. ಬಿದ್ದ ಮರ, ಸ್ವಂತ ಜಾಗದ್ದು ಎಂದರೂ ಅವರು ಕೇಳದೆ ದಿಮ್ಮಿ ಲಾರಿಗೆ ಹಾಕುವವರಲ್ಲ. ಇದೇ ಹೊತ್ತಿಗೆ ಅಮ್ಮ ಇನ್ನೊಂದು ಆಸೆ ಹೇಳಿದರು. ಹಳೇ ಚಾವಡಿಯ ಬೀಟೆ ಕಂಬದ ತುಂಡೊಂದು ಅಟ್ಟದಲ್ಲಿತ್ತು. ಜರ್ಮನಿಯ ಮಗಳಿಗೆ ಅದರಲ್ಲೇ ಒಂದು ಬಟ್ಟಲು ಆಗಬಹುದಲ್ಲ ಎಂದು. ಬೀಟೆಯ ಹೆಚ್ಚುಕಮ್ಮಿ ಇಡೀ ಕುಲವೇ 2017ರ ಜನವರಿಯಿಂದ ಸೈಟಿಸ್ (ಅಳಿವಿನ ಭಯವಿರುವ ಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಕಡಿವಾಣ ಹಾಕುವ) ಒಪ್ಪಂದದ ಎರಡನೇ ಪಟ್ಟಿಯಲ್ಲಿದೆ. ಆಮೇಲೆ 10 ಕೆ.ಜಿ. ಒಳಗಿನ ಸಿದ್ಧ ವಸ್ತುಗಳಿಗೆ ರಿಯಾಯಿತಿ ಬಂತು, ನಿಜ. ಆದರೂ ವಿಮಾನ ನಿಲ್ದಾಣದಲ್ಲಿ ಮಗಳು ವಿವರಣೆ ಕೊಡುತ್ತಾ ನಿಲ್ಲುವುದು ಯಾಕೆ? ಆಚಾರ್ರು ಬೀಟೆ ಬೇಡ ಎಂದರು. ಮಾವಿಗೆ ಆ ರಗಳೆ ಇಲ್ಲ.

ಮೊದಲ ತೀರ್ಮಾನ: ಎಲ್ಲಿ ಕೊಯ್ಯುವುದು

ಅಮ್ಮನ ಮನಸ್ಸಿನಲ್ಲಿದ್ದದ್ದು ಒಂದು ದೊಡ್ಡ, ಆಳದ ಬಟ್ಟಲು. ಹಿಂದಿನ ಕಾಲದ ಮರಿಗೆಯ ಹಾಗೆ. ಅದನ್ನು ಕವಲಿನ ಜಾಗದಲ್ಲೇ ಮಾಡಬೇಕು ಎಂದು ಅವರ ಆಸೆ. ಎರಡು ಕೊಂಬೆ ಸೇರುವಲ್ಲಿ ಎಳೆಗಳು ಒಂದಕ್ಕೊಂದು ತಾಗಿ ನವಿಲುಗರಿಯಂಥ ಚಿತ್ತಾರ ಮೂಡುತ್ತದೆ. ಪಕ್ಕದ ಮನೆಯ ಯಾರೋ ಅದನ್ನು ಹೇಳಿದ್ದರು.

"ಅಮ್ಮ, ಆಳ ತೆಗೆದರೆ ಗರಿ ಎಲ್ಲ ಸಿಪ್ಪೆಯಾಗಿ ಹೋಗ್ತದೆ" ಎಂದರು ಆಚಾರ್ರು.

"ಅದೆಂತದು ಆಚಾರ್ರೇ? ಮರದ ತುಂಬ ಉಂಟಲ್ಲ ಅದು?"

ಇಲ್ಲ. ಎರಡು ಕೊಂಬೆಗಳ ತಿರುಳನ್ನು ಸೇರಿಸುವ ಒಂದು ಸಮತಲ ಇರುತ್ತದೆ. ಗರಿ ಇರುವುದು ಅದರ ಅಕ್ಕಪಕ್ಕ ಮಾತ್ರ. ಅಲ್ಲಿಂದ ತೊಗಟೆಯ ಕಡೆ ಹೋದ ಹಾಗೆ ಮಾಯವಾಗುತ್ತದೆ. ಕವಲನ್ನು ಆ ಸಮತಲದಲ್ಲಿ ಸೀಳಿ, ಸೀಳಿದ ಮುಖವನ್ನು ಬಟ್ಟಲಿನ ಬಾಯಿ ಮಾಡಿದರೆ ಕೆಟ್ಟಿತು. ಕೊರೆದು ಹೊರಗೆ ಹಾಕುವುದೇ ಆ ಚಿತ್ತಾರವನ್ನು. ಉಳಿಯುವುದು ಅಂಚಿನ ಒಂದು ಬಳೆಯಷ್ಟು. ಸೀಳಿದ ಮುಖ ಕೆಳಗೆ, ತೊಗಟೆಯ ಕಡೆ ಮೇಲೆ ಬರುವಂತೆ ಇಟ್ಟು, ಅಗಲವಾದ ಚಪ್ಪಟೆ ತಟ್ಟೆ ಮಾಡಿದರೆ ತಟ್ಟೆಯ ತಳದಲ್ಲಿ ಗರಿ ಪೂರ್ತಿ ಕಾಣುತ್ತದೆ. ಆದರೆ ಆಗ ಮರಿಗೆಯ ಆಳ ಸಿಗುವುದಿಲ್ಲ.

ಅಲೆ ಎಳೆಯದು ಬೇರೆ ಲೆಕ್ಕ. ಅದು ಬಟ್ಟಲಿನ ಪಕ್ಕದ ಗೋಡೆಗಳಲ್ಲಿ, ಎಳೆ ಉದ್ದಕ್ಕೆ ಹೋಗುವ ಎರಡು ಬದಿಯಲ್ಲಿ ಹೊಳೆಯುತ್ತದೆ. ಎಳೆಯ ತುದಿ ಕಾಣುವ ಉಳಿದ ಎರಡು ಬದಿಯಲ್ಲಿ ಅಲೆ ಕಾಣುವುದಿಲ್ಲ. ಹಾಗಾಗಿ ಬೊಡ್ಡೆಯ ಭಾಗಕ್ಕೆ ಆಳದ ಬಟ್ಟಲು, ಕವಲಿಗೆ ತಟ್ಟೆ.

ಅಮ್ಮ ಒಪ್ಪಲು ಸ್ವಲ್ಪ ಹೊತ್ತು ಬೇಕಾಯಿತು. ಆಚಾರ್ರು ಚೈನ್‌ಸಾ ಹಿಡಿದು ಕವಲಿನ ಒಂದು ಬದಿ ಸೀಳಿ, ನೀರು ಸವರಿ ತೋರಿಸಿದ ಮೇಲೆ ಮಾತು ಮುಗಿಯಿತು. ಈ ಇಡೀ ಪ್ರಕರಣದಲ್ಲಿ ನನಗೆ ಬಹಳ ಹಿಡಿಸಿದ ತೀರ್ಮಾನ ಇದು. ಅಪರೂಪದ ಮರ ಸಿಕ್ಕಾಗ ನಾವು ಮೊದಲು ಆಕಾರ ಯೋಚಿಸಿ ಆಮೇಲೆ ಮರ ನೋಡುತ್ತೇವೆ. ಇವರು ಚಿತ್ತಾರ ಮರದ ಯಾವ ಪದರದಲ್ಲಿದೆ ಎಂದು ನೋಡಿ, ಆಕಾರವನ್ನು ಅದಕ್ಕೆ ಬಿಟ್ಟರು.

ನಡುವಿನ ತಿರುಳನ್ನು ಎರಡೂ ಬದಿಯ ಮರದ ಸಮೇತ ತೆಗೆದು ಸೌದೆಗೆ ಹಾಕಿದರು. ನೋಡಿದವರಿಗೆ ಸಂಕಟ. ಆದರೆ ತಿರುಳು ಉಳಿದ ಬಟ್ಟಲು ಬಿರಿಯದೆ ಇರುವುದು ಕಡಿಮೆ. ಮರ ಒಣಗುವಾಗ ಸುತ್ತಳತೆಯ ದಿಕ್ಕಿನಲ್ಲಿ ಕುಗ್ಗುವುದು ಜಾಸ್ತಿ, ತಿರುಳಿನಿಂದ ಹೊರಗಿನ ದಿಕ್ಕಿನಲ್ಲಿ ಹೆಚ್ಚುಕಮ್ಮಿ ಅದರ ಅರ್ಧ, ಉದ್ದಕ್ಕೆ ಲೆಕ್ಕಕ್ಕಿಲ್ಲದಷ್ಟು. ಈ ಮೂರರ ಜಗಳ ತಿರುಳಿನ ಹತ್ತಿರವೇ ಬಿರುಕಾಗಿ ಹೊರಬರುತ್ತದೆ.

ಕಪ್ಪು ಗೆರೆಯನ್ನು ಎಲ್ಲಿ ನಿಲ್ಲಿಸುವುದು

ದಿಮ್ಮಿಯ ಬುಡದ ಕಡೆ ಕಪ್ಪು ಗೆರೆ ಮೂಡಿತ್ತು. ಬೇರೆ ಬೇರೆ ಶಿಲೀಂಧ್ರಗಳು ಒಂದೇ ಮರದೊಳಗೆ ಬೆಳೆಯುವಾಗ ತಮ್ಮ ತಮ್ಮ ಗಡಿಗೆ ಕಟ್ಟಿಕೊಳ್ಳುವ ಬೇಲಿ ಅದು. ಗೆರೆ ಚಂದ. ಆದರೆ ಗೆರೆ ಎಳೆಯುತ್ತಲೇ ಅವು ಮರವನ್ನು ತಿನ್ನುತ್ತಿರುತ್ತವೆ. ಇನ್ನೂ ಸ್ವಲ್ಪ ದಿನ ಒದ್ದೆ ಗೋಣಿಯಲ್ಲಿ ಮುಚ್ಚಿಟ್ಟರೆ ಗೆರೆ ಜಾಸ್ತಿ ಬರ್ತದಂತೆ, ಬಿಡುವ ಎಂದು ಊರಲ್ಲಿರುವ ಮಗ ಹೇಳಿದರು. ಅವರು ಓದಿಕೊಂಡಿದ್ದು ಸರಿಯೇ.

ಆಚಾರ್ರು ಉಗುರು ಒತ್ತಿ ನೋಡಿದರು. ಬುಡದ ಎರಡು ಕಡೆ ಉಗುರು ಒಳಗೆ ಹೋಯಿತು. ಅಲ್ಲಿಗೆ ಅವರು ನಿಲ್ಲಿಸಿದರು. ಮರದ ತೇವ ಶೇ. 20ಕ್ಕಿಂತ ಕೆಳಗೆ ಬಂದರೆ ಶಿಲೀಂಧ್ರ ಬೆಳೆಯುವುದಿಲ್ಲ. ಅಷ್ಟು ಕೆಳಗೆ ಬೇಗ ತರಲು ಇರುವ ದಾರಿ, ಹಸಿ ಇರುವಾಗಲೇ ಲೇತ್‌ಗೆ ಹಾಕಿ ಒಳಗೆ ಹೊರಗೆ ಒರಟಾಗಿ ಕೊರೆದು ಇಡುವುದು. ಗೋಡೆಯ ದಪ್ಪ ವ್ಯಾಸದ ಹತ್ತನೇ ಒಂದು ಭಾಗ ಬಿಡುವುದು ಎಲ್ಲ ಕಡೆಯ ರೂಢಿ. 12 ಇಂಚಿನ ಬಟ್ಟಲಿಗೆ ಸುಮಾರು ಒಂದೂಕಾಲು ಇಂಚು. ಒಣಗುವಾಗ ಅದು ಮೊಟ್ಟೆಯಾಕಾರಕ್ಕೆ ತಿರುಗುತ್ತದೆ. ಆಮೇಲೆ ಮತ್ತೆ ದುಂಡಗೆ ಮಾಡಲು ಅಷ್ಟು ಮರ ಬೇಕು.

ಮೂರು ಬಟ್ಟಲು, ಒಂದು ದೊಡ್ಡ ತಟ್ಟೆ, ಜೊತೆಗೆ ಹೆಚ್ಚುವರಿ ಒಂದಷ್ಟು ಒರಟು ಬಟ್ಟಲುಗಳು ಆದವು. ಎಳೆಯ ತುದಿ ಕಾಣುವ ಜಾಗಗಳಿಗೆ ಮೇಣ ಬಳಿದು, ಸಿಪ್ಪೆಯ ಜೊತೆ ಕಾಗದದ ಚೀಲದಲ್ಲಿ ಕಟ್ಟಿ ಅಟ್ಟದಲ್ಲಿಟ್ಟರು. ಹಸಿ ಮಾವು ಕೊರೆಯುವಾಗ ಪೂರ್ತಿ ತೋಳಿನ ಅಂಗಿ, ಮಾಸ್ಕ್, ಮುಖಕ್ಕೆ ಗುರಾಣಿ. ಮಾವು ಗೇರಿನ ಕುಟುಂಬದ್ದು. ಸೊನೆ ತಾಗಿದರೆ ಏನಾಗುತ್ತದೆ ಎಂದು ನಮ್ಮ ಊರಿನ ಮಕ್ಕಳಿಗೂ ಗೊತ್ತು. ಶಿಲೀಂಧ್ರ ಸೇರಿದ ಮರದ ಹುಡಿ ಶ್ವಾಸಕೋಶಕ್ಕೆ ಇನ್ನೂ ಕೆಟ್ಟದು.

ಪ್ರತಿ ಬಟ್ಟಲನ್ನೂ ವಾರಕ್ಕೊಮ್ಮೆ ತಕ್ಕಡಿಯಲ್ಲಿ ತೂಗಿ, ಅದರ ತಳದಲ್ಲೇ ಪೆನ್ಸಿಲಿನಲ್ಲಿ ಬರೆದರು. ತೂಕ ಇಳಿಯುವುದು ನಿಂತರೆ ಒಣಗಿತು ಎಂದು ಅರ್ಥ. ಫೆಬ್ರವರಿಗೆ ತೂಕ ನಿಂತಿತು.

ಬೆಂಗಳೂರಿನ ಬಟ್ಟಲು

ಬೆಂಗಳೂರಿನ ಮಗನ ಗೃಹಪ್ರವೇಶ ಹತ್ತಿರ ಬಂದಿತ್ತು. ಆಚಾರ್ರು ಅವರ ಬಟ್ಟಲನ್ನು ಮೊದಲು ಮುಗಿಸಿದರು. ಗೋಡೆ ತೆಳ್ಳಗೆ, ತಳ ದಪ್ಪ. ಅಮ್ಮನ ಮರಿಗೆಯ ಆಸೆ ನೆನಪಿಟ್ಟುಕೊಂಡು ತಳಕ್ಕೆ ಭಾರ ಬಿಟ್ಟಿದ್ದರು. ನೋಡಿದವರೆಲ್ಲ ಕೈಯಲ್ಲಿ ಹಿಡಿದು ತಿರುಗಿಸಿ ತಿರುಗಿಸಿ ನೋಡಿದರು.

ಮಾರ್ಚ್ ಮುಗಿಯುವ ಮುಂಚೆ ಬಟ್ಟಲು ಅಂಚಿನಿಂದ ಕೆಳಗೆ ಬಿರಿಯಿತು. ಮೇಜಿನ ಮೇಲೆ ಇಟ್ಟರೆ ಅಲ್ಲಾಡುತ್ತಿತ್ತು.

ಈ ಹಂತದಲ್ಲಿ ನನ್ನನ್ನು ಕರೆದರು. ಬಟ್ಟಲು ಬಸ್ಸಿನಲ್ಲಿ ವಾಪಸ್ ಬಂದಿತ್ತು. ಮನೆಯವರು ಹೇಳಿದ್ದು, ಶಿಲೀಂಧ್ರ ಹಿಡಿದ ಮರ, ಅದಕ್ಕೇ ಕೆಟ್ಟಿತು. ಆಚಾರ್ರ ಅನುಮಾನ, ಪಾತ್ರೆ ತೊಳೆಯುವಾಗ ನೀರಿನಲ್ಲಿ ನೆನೆಹಾಕಿರಬೇಕು. ಎರಡೂ ಸುಲಭವಾಗಿ ನಂಬುವಂಥ ಮಾತು. ಎರಡರಲ್ಲಿ ಯಾವುದನ್ನು ಒಪ್ಪಿದ್ದರೂ ಉಳಿದ ಬಟ್ಟಲುಗಳು ಹಾಗೇ ಹೋಗಿ ಹಾಗೇ ಬಿರಿಯುತ್ತಿದ್ದವು.

ಬಿರುಕು ಇದ್ದದ್ದು ಕಪ್ಪು ಗೆರೆ ಇಲ್ಲದ, ಗಟ್ಟಿ ಮರದಲ್ಲಿ. ಹಾಗಾಗಿ ಮೊದಲ ಕಾರಣ ಬಿತ್ತು. ಬಾಯಿಯ ವ್ಯಾಸವನ್ನು ಎರಡು ದಿಕ್ಕಿನಲ್ಲಿ ಅಳೆದೆವು. ಎಳೆಯ ಉದ್ದಕ್ಕೆ ಮೊದಲಿದ್ದಷ್ಟೇ ಇತ್ತು. ಅಡ್ಡಕ್ಕೆ ಮೂರು ಮಿ.ಮೀ.ಗಿಂತ ಸ್ವಲ್ಪ ಜಾಸ್ತಿ ಕಡಿಮೆಯಾಗಿತ್ತು. ನೀರು ಕುಡಿದಿದ್ದರೆ ಉಬ್ಬಬೇಕಿತ್ತು. ಇದು ಕುಗ್ಗಿದೆ. ಅಂದರೆ ಒಣಗಿದೆ ಎಂದ ಬಟ್ಟಲು ಬೆಂಗಳೂರಿಗೆ ಹೋಗಿ ಮತ್ತೆ ಒಣಗಿದೆ.

ಅಟ್ಟದಲ್ಲಿದ್ದ ಉಳಿದ ಬಟ್ಟಲುಗಳಿಗೆ ತೇವ ಅಳೆಯುವ ಮೀಟರ್ ಹಿಡಿದಾಗ ಶೇ. 13ರ ಆಚೀಚೆ ತೋರಿಸಿತು. ತೂಕ ನಿಂತಿತ್ತು, ಸುಳ್ಳಲ್ಲ. ಆದರೆ ತೂಕ ನಿಲ್ಲುವುದು ಮರ ಸುತ್ತಲಿನ ಗಾಳಿಗೆ ಸಮನಾದಾಗ. ನಮ್ಮ ಗಾಳಿ ಎಂಥದ್ದು? ವರ್ಷಕ್ಕೆ ಸುಮಾರು 4,000 ಮಿ.ಮೀ. ಮಳೆ, ಪಕ್ಕದಲ್ಲೇ ಸಮುದ್ರ. ಬೇಸಿಗೆಯಲ್ಲೂ ಗಾಳಿಯ ಆರ್ದ್ರತೆ ಶೇ. 70ರ ಸುಮಾರು ಇರುತ್ತದೆ. ಆ ಗಾಳಿಯಲ್ಲಿ ಮರ ಶೇ. 13ರ ಹತ್ತಿರ ನಿಲ್ಲುತ್ತದೆ. ಮಳೆಗಾಲದಲ್ಲಿ ಆರ್ದ್ರತೆ 85 ದಾಟಿದರೆ ಮರ ಮತ್ತೆ ಶೇ. 17-18ಕ್ಕೆ ಏರುತ್ತದೆ. ಬೆಂಗಳೂರಿನ ಮಾರ್ಚ್ ಗಾಳಿಯಲ್ಲಿ ಅದೇ ಮರ ಎಂಟೊಂಬತ್ತಕ್ಕೆ ಇಳಿಯುತ್ತದೆ. ದುಬೈಯಲ್ಲಿ ಹೊರಗೆ ಸೆಖೆ ಇದ್ದರೂ ಮನೆಯೊಳಗೆ ಏಸಿಯ ಒಣ ಗಾಳಿ. ಜರ್ಮನಿಯ ಚಳಿಗಾಲದಲ್ಲಿ ಹೀಟರ್ ಹಾಕಿದ ಕೋಣೆಯ ಆರ್ದ್ರತೆ 30-35ಕ್ಕೆ ಬಂದರೆ ಮರ ಶೇ. 6-7.

ಬರೀ ಕುಗ್ಗಿದ್ದರೆ ಬಟ್ಟಲು ಸ್ವಲ್ಪ ಮೊಟ್ಟೆಯಾಕಾರವಾಗಿ ಸುಮ್ಮನಿರುತ್ತಿತ್ತು. ಬಿರಿಯಲು ಇನ್ನೊಂದು ಕಾರಣ ಸೇರಿತು. ತೆಳು ಗೋಡೆ ಬೇಗ ಒಣಗಿ ಎಳೆಯಿತು. ದಪ್ಪ ತಳ ನಿಧಾನ, ಜಾಗ ಬಿಡಲಿಲ್ಲ. ಊರಲ್ಲೇ ಇದ್ದಿದ್ದರೆ ಆ ದಪ್ಪ ತಳ ಏನೂ ಮಾಡುತ್ತಿರಲಿಲ್ಲ. ಆಚಾರ್ರ ಅಂಗಳದಲ್ಲಿ ಹತ್ತಾರು ವರ್ಷದ ಅಂಥ ಹಲಸಿನ ಪಾತ್ರೆಗಳು ಇವತ್ತಿಗೂ ಗಟ್ಟಿಯಾಗಿವೆ. ಅವರ ಕೈಗೆ ಬಂದ ಜ್ಞಾನ ಈ ಗಾಳಿಯದ್ದು, ಈ ಗಾಳಿಗೆ ಸರಿಯಾದದ್ದು. ಮರ ಈ ಗಾಳಿ ಬಿಟ್ಟು ಹೋಗುತ್ತದೆ ಎನ್ನುವುದಷ್ಟೇ ಹೊಸದು.

ಫ್ರಿಜ್ಜಿನ ಪೆಟ್ಟಿಗೆ

ಗುಜರಿಯಿಂದ ಹಳೇ ಫ್ರಿಜ್ ತಂದರು. ಅದರ ಗೋಡೆಯೇ ಬಿಸಿ ಹಿಡಿದಿಡುತ್ತದೆ. ಕೆಳಗೊಂದು, ಮೇಲೊಂದು ತೂತು. ತಳದಲ್ಲಿ ಹಳೇ ಮಾದರಿಯ ತಂತಿ ಬಲ್ಬು, ಗಾಳಿಯಾಡಲು ಕಂಪ್ಯೂಟರಿನ ಪುಟ್ಟ ಫ್ಯಾನು. ಖರ್ಚು ಕಡಿಮೆ. ಬಿಸಿಯಾದ ಗಾಳಿಯ ಆರ್ದ್ರತೆ ತಾನಾಗಿ ಇಳಿಯುತ್ತದೆ, ಮರ ಇನ್ನಷ್ಟು ಒಣಗುತ್ತದೆ.

ಮೊದಲ ಸಲ ಹೆಚ್ಚುವರಿ ಬಟ್ಟಲೊಂದನ್ನು ಹಾಕಿದ್ದು ಒಳ್ಳೆಯದಾಯಿತು. ಬಲ್ಬಿಗೆ ಹತ್ತಿರ ಇದ್ದ ಬದಿ ಬಿರಿಯಿತು. ಆಮೇಲೆ ಬಲ್ಬಿನ ಮೇಲೆ ತಗಡಿನ ಮರೆ ಕಟ್ಟಿದರು. ಮೊದಲು ಒಂದೇ ಬಲ್ಬು, ದಿನ ಕಳೆದ ಮೇಲೆ ಎರಡು. ತೂಕ ಬರೆಯುವ ಪೆನ್ಸಿಲ್ ಮತ್ತೆ ಹೊರಗೆ ಬಂತು.

ಪೆಟ್ಟಿಗೆಯಿಂದ ಇನ್ನೊಂದು ಲಾಭವೂ ಆಯಿತು. ಅಟ್ಟದಲ್ಲಿ ಒಂದು ಬಟ್ಟಲಿನ ಕೆಳಗೆ ಗೋಧಿ ಹಿಟ್ಟಿನಷ್ಟು ನುಣ್ಣಗಿನ ಹುಡಿ ಬಿದ್ದಿತ್ತು. ಕುಟ್ಟೆ ಹುಳ. ಮಾವಿನ ಬಿಳಿ ಮರದಲ್ಲಿ ಪಿಷ್ಟ ಇರುವುದರಿಂದ ಅದಕ್ಕೆ ಬಲು ಇಷ್ಟ. ಉಣ್ಣುವ ಪಾತ್ರೆಗೆ ಔಷಧಿ ಹೊಡೆಯುವ ಹಾಗಿಲ್ಲ. ಹೊರದೇಶಕ್ಕೆ ಹೋಗುವ ಪ್ಯಾಕಿಂಗ್ ಮರಕ್ಕೆ ಅಂತರರಾಷ್ಟ್ರೀಯ ನಿಯಮ ಕೇಳುವುದು ಒಳಮರ 56 ಡಿಗ್ರಿಯಲ್ಲಿ 30 ನಿಮಿಷ ಇರಬೇಕು ಎಂದು. ಆಚಾರ್ರು ಕೊನೆಯ ದಿನ ಅದಕ್ಕಿಂತ ಸ್ವಲ್ಪ ಮೇಲಕ್ಕೆ ಬಿಸಿ ಏರಿಸಿ, ಹಲವು ಗಂಟೆ ಹಾಗೇ ಬಿಟ್ಟರು. ಆಮೇಲೆ ಹುಡಿ ಬೀಳಲಿಲ್ಲ.

ಮೀಟರ್ ಎಂಟಕ್ಕೆ ಬಂದ ಮೇಲೆ ಕೊನೆಯ ಕೆಲಸ. ಇಲ್ಲೊಂದು ಎಚ್ಚರ ಬೇಕು. ಹೊರತೆಗೆದ ಕ್ಷಣದಿಂದ ಮರ ನಮ್ಮ ಗಾಳಿಯ ನೀರನ್ನು ಮತ್ತೆ ಕುಡಿಯತೊಡಗುತ್ತದೆ. ಅದಕ್ಕೆ ಒಂದೊಂದೇ ಬಟ್ಟಲು ತೆಗೆದು, ಆ ದಿನವೇ ಮುಗಿಸಿ, ಎಣ್ಣೆ ಒಣಗುವವರೆಗೆ ವಾಪಸ್ ಪೆಟ್ಟಿಗೆಯಲ್ಲೇ ಬಲ್ಬು ಮಂದ ಮಾಡಿ ಇಟ್ಟರು. ಈ ಸಲ ತಳವನ್ನೂ ಗೋಡೆಯಷ್ಟೇ ತೆಳ್ಳಗೆ ತಂದರು.

ಅಲೆ ಎಳೆಯ ಮರ ಲೇತ್‌ನಲ್ಲಿ ತುಂಬ ಹಠ ಮಾಡುತ್ತದೆ. ಉಳಿ ಒಂದು ಅಲೆಯನ್ನು ಇಳಿಯುವಾಗ ನುಣ್ಣಗೆ ಕತ್ತರಿಸುತ್ತದೆ, ಮುಂದಿನದನ್ನು ಏರುವಾಗ ನಾರು ಕಿತ್ತುಬರುತ್ತದೆ. ಪಾಲಿಶ್ ಪೇಪರಿನಲ್ಲಿ ಉಜ್ಜಿ ಸರಿಮಾಡುವ ಎಂದರೆ ಮೆತ್ತಗಿನ ಜಾಗ ಹೆಚ್ಚು ಸವೆದು ಗುಂಡಿ ಬೀಳುತ್ತದೆ. ಆಚಾರ್ರು ಕೊನೆಯ ಎರಡು ಸುತ್ತಿಗೆ ಮುಂಚೆ ಪ್ರತಿ ಸಲ ಉಳಿ ಸಾಣೆ ಹಿಡಿದರು. ಉಳಿಯನ್ನು ಓರೆ ಹಿಡಿದು, ಕಾಗದದಷ್ಟು ತೆಳು ಸಿಪ್ಪೆ ಮಾತ್ರ ತೆಗೆದರು. ಮೆತ್ತಗಾದ ಕಪ್ಪು ಗೆರೆಯ ಜಾಗಗಳಿಗೆ ಸ್ಪಿರಿಟಿನಲ್ಲಿ ಕರಗಿಸಿದ ಅರಗನ್ನು ಕುಡಿಸಿ, ಗಟ್ಟಿಯಾದ ಮೇಲೆ ಕೊರೆದರು. ಅವರ ಕೈಚಳಕ ನೋಡಬೇಕಾದ್ದು ಇಲ್ಲಿ.

ಎಣ್ಣೆಯ ವಿಚಾರಕ್ಕೂ ಚರ್ಚೆ ಆಯಿತು. ಅಮ್ಮ ತೆಂಗಿನೆಣ್ಣೆ ಎಂದರು. ಅದು ಗಟ್ಟಿಯಾಗಿ ಪದರ ಕಟ್ಟುವುದಿಲ್ಲ, ಅಂಟಂಟಾಗಿ ಕೊನೆಗೆ ವಾಸನೆ ಬರುತ್ತದೆ. ದೋಣಿಗೆ ಬಳಿಯುವ ಗೇರು ಎಣ್ಣೆ ಮರ ಕಾಯುತ್ತದೆ, ಆದರೆ ಚರ್ಮ ಸುಡುವ ವಸ್ತು, ಊಟದ ಪಾತ್ರೆಗೆ ಸಲ್ಲದು. ಹಾರ್ಡ್‌ವೇರ್ ಅಂಗಡಿಯ ಕುದಿಸಿದ ಅಗಸೆ ಎಣ್ಣೆಯಲ್ಲಿ ಬೇಗ ಒಣಗಲು ಲೋಹದ ಲವಣ ಸೇರಿಸಿರುತ್ತಾರೆ. ಕೊನೆಗೆ ಆಯ್ದದ್ದು ಗಾಣದ ಹಸಿ ಅಗಸೆ ಎಣ್ಣೆ, ಮೇಲೆ ಜೇನುಮೇಣ. ಅಗಸೆ ಎಣ್ಣೆ ಒಣಗಲು ವಾರಗಳು ಬೇಕು, ಮಳೆಗಾಲದಲ್ಲಿ ಬಳಿದರೆ ಬೂಷ್ಟು ಹಿಡಿಯುತ್ತದೆ. ಹಾಗಾಗಿ ಮೇ ಮಧ್ಯದೊಳಗೆ ಎಲ್ಲ ಮುಗಿಸಿದರು.

ಆಮೇಲೆ

ಜರ್ಮನಿಗೂ ದುಬೈಗೂ ಹೋದ ಬಟ್ಟಲುಗಳು ಒಂದು ಚಳಿಗಾಲ ಕಳೆದ ಮೇಲೂ ಚೆನ್ನಾಗಿವೆ. ಜರ್ಮನಿಯದ್ದು ಮಗಳು ಅಳೆದು ಕಳಿಸಿದ ಪ್ರಕಾರ ಅಡ್ಡಕ್ಕೆ ಒಂದು ಮಿ.ಮೀ. ಒಳಗೇ ಕುಗ್ಗಿದೆ. ಕಣ್ಣಿಗೆ ಕಾಣದು. ಬೆಂಗಳೂರಿನವರಿಗೆ ಹೆಚ್ಚುವರಿ ಬಟ್ಟಲಿನಲ್ಲಿ ಒಂದನ್ನು ಪೆಟ್ಟಿಗೆಯಲ್ಲಿ ಒಣಗಿಸಿ ಮಾಡಿಕೊಟ್ಟರು. ಆದರೆ ಮಗ ಹಳೆಯದನ್ನೂ ವಾಪಸ್ ಕೇಳಿದರು. ಅದು ಪೂರ್ತಿ ಒಣಗಿ ನಿಂತ ಮೇಲೆ ಆಚಾರ್ರು ಬಿರುಕಿಗೆ ಕಪ್ಪು ಅರಗು ತುಂಬಿ, ಕಪ್ಪು ಗೆರೆಗಳ ನಡುವೆ ಇನ್ನೊಂದು ಗೆರೆಯಾಗುವಂತೆ ಹೊಂದಿಸಿ ಕೊಟ್ಟರು.

ಕವಲಿನ ತಟ್ಟೆಯನ್ನು ಪೆಟ್ಟಿಗೆಗೆ ಹಾಕಲಿಲ್ಲ. ಅದು ಅಮ್ಮನ ಮನೆಯಲ್ಲೇ ಉಳಿಯುವುದು. ಶೇ. 8ಕ್ಕೆ ಒಣಗಿಸಿ ಆಟಿಯ ಗಾಳಿಗೆ ಬಿಟ್ಟರೆ ಅದು ಇನ್ನೊಂದು ದಿಕ್ಕಿಗೆ ಉಬ್ಬಿ ಡೊಂಕಾಗುತ್ತಿತ್ತು. ಅಟ್ಟದಲ್ಲಿ ಒಣಗಿದ್ದೇ ಅದಕ್ಕೆ ಸಾಕು. ಮಳೆಗಾಲದಲ್ಲಿ ಅದರ ಅಂಚು ಸ್ವಲ್ಪ ಏಳುತ್ತದೆ, ಡಿಸೆಂಬರಿನಲ್ಲಿ ಮತ್ತೆ ಕೂರುತ್ತದೆ. ಈಗ ವಿಷು ಹಬ್ಬಕ್ಕೆ ಕಣಿ (ಬೆಳಗ್ಗೆ ಎದ್ದು ಮೊದಲು ನೋಡುವ ಮಂಗಳ ವಸ್ತುಗಳು) ಇಡುವುದು ಅದರಲ್ಲೇ.

ಗಿರಾಕಿ ಬಂದರೆ ಆಚಾರ್ರು ಅಳತೆ ಕೇಳುವ ಮುಂಚೆ ಎರಡು ಪ್ರಶ್ನೆ ಕೇಳುತ್ತಾರೆ. ಪಾತ್ರೆ ಯಾವ ಊರಿಗೆ? ಕೋಣೆಯಲ್ಲಿ ಏಸಿ, ಹೀಟರ್ ಉಂಟಾ? ಆ ಮಾವಿನ ಎರಡು ಒರಟು ಬಟ್ಟಲುಗಳು ಇನ್ನೂ ಅಟ್ಟದಲ್ಲಿವೆ. ಕೇಳಿದವರು ಕೆಲವರಿದ್ದಾರೆ. ಎಲ್ಲಿಗೆ ಹೋಗುತ್ತದೆ ಎಂದು ಖಾತ್ರಿ ಹೇಳುವವರು ಬರುವವರೆಗೆ ಅವನ್ನು ಲೇತ್‌ಗೆ ಹಾಕುವುದಿಲ್ಲ ಎಂದಿದ್ದಾರೆ.